ಕಿತ್ತ ಹಲ್ಲಿನ ಜಾಗದಲ್ಲಿ ದವಡೆಯ ಎಲುಬು ಹೊರಬಂದಾಗ

ಕೆಳದವಡೆಯ ಗಾಯ ಪೂರ್ತಿ ಮುಚ್ಚಿದೆ ಎಂದು ಡಾಕ್ಟರು ಹೋದ ವಾರ ಹೇಳಿದರು. ಏಪ್ರಿಲ್‌ನಲ್ಲಿ ಬಿಸು ಹಬ್ಬದ ಹೊತ್ತಿಗೆ ಶುರುವಾದ ಕಾಟ ದೀಪಾವಳಿಗೆ ಒಂದು ದಡ ಸೇರಿತು. ಈ ನಡುವೆ ಎಷ್ಟೋ ರಾತ್ರಿ ಮೊಬೈಲ್ ಹಿಡಿದುಕೊಂಡು, ಇದೇನು, ಇನ್ಯಾರಿಗಾದರೂ ಹೀಗಾಗಿದೆಯಾ ಎಂದು ಹುಡುಕಿದ್ದೇನೆ. ಕನ್ನಡದಲ್ಲಿ ಬಿಡಿಸಿ ಹೇಳುವವರು ನನಗೆ ಯಾರೂ ಸಿಗಲಿಲ್ಲ. ಸಿಕ್ಕಿದ್ದೆಲ್ಲ ಇಂಗ್ಲಿಷಿನಲ್ಲಿ, ಅದೂ ನೋಡಿದರೆ ನಿದ್ದೆ ಹಾರಿಹೋಗುವಂಥ ಫೋಟೊಗಳ ಜೊತೆ. ನನ್ನ ಹಾಗೆ ಹುಡುಕುವವರಿಗೆ ಸ್ವಲ್ಪವಾದರೂ ದಾರಿ ಕಾಣಲಿ ಎಂದು ಎಲ್ಲ ನೆನಪಿರುವಾಗಲೇ ಬರೆಯುತ್ತಿದ್ದೇನೆ.

ನಾನು ಕಾಪು ಕಡೆಯವಳು. ಅರವತ್ತು ದಾಟಿದೆ. ಸಹಕಾರಿ ಸಂಘದಲ್ಲಿ ಲೆಕ್ಕ ಬರೆಯುತ್ತಿದ್ದೆ, ಈಗ ನಿವೃತ್ತಿ. ಬಿಪಿ ಇಲ್ಲ, ಶುಗರ್ ಇಲ್ಲ. ಕೆಲವು ವರ್ಷದ ಹಿಂದೆ ಮಳೆಗಾಲದಲ್ಲಿ ಅಂಗಳದ ಪಾಚಿಯಲ್ಲಿ ಜಾರಿ ಬಿದ್ದು ಮಣಿಕಟ್ಟು ಮುರಿದಿತ್ತು. ಆಗ ಎಲುಬಿನ ಡಾಕ್ಟರು ಎಲುಬು ಎಷ್ಟು ಗಟ್ಟಿ ಇದೆ ಎಂದು ನೋಡುವ ಡೆಕ್ಸಾ ಸ್ಕ್ಯಾನ್ ಮಾಡಿಸಿದರು. ಅದರಲ್ಲಿ ಟಿ ಸ್ಕೋರ್ ಎಂದು ಒಂದು ಸಂಖ್ಯೆ ಬರುತ್ತದೆ. ಅದು ಮೈನಸ್ 2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಎಲುಬು ಸವೆದಿದೆ ಎಂದು ಲೆಕ್ಕ. ನನ್ನದು ಮೈನಸ್ 2.9 ಇತ್ತು. ವಾರಕ್ಕೊಂದು ಮಾತ್ರೆ ಬರೆದುಕೊಟ್ಟರು, ಅಲೆಂಡ್ರೊನೇಟ್ 70 ಮಿಲಿಗ್ರಾಂ. ಪ್ರತಿ ಭಾನುವಾರ ಬೆಳಿಗ್ಗೆ ಖಾಲಿ ಹೊಟ್ಟೆಗೆ ದೊಡ್ಡ ಲೋಟ ನೀರಿನ ಜೊತೆ ನುಂಗಬೇಕು. ಆಮೇಲೆ ಅರ್ಧ ಗಂಟೆ ಏನೂ ತಿನ್ನಬಾರದು, ಮಲಗಲೂಬಾರದು. ಐದು ವರ್ಷಕ್ಕೂ ಮೇಲೆ ಒಂದು ವಾರವೂ ತಪ್ಪಿಸದೆ ತೆಗೆದುಕೊಂಡೆ. ಈ ಮಾತ್ರೆಗೂ ಹಲ್ಲಿಗೂ ಸಂಬಂಧ ಇದೆ ಎಂದು ಆಗ ಯಾರೂ ಹೇಳಿರಲಿಲ್ಲ.

ಕೆಳಗಡೆ ಬಲಬದಿಯ ದವಡೆ ಹಲ್ಲಿಗೆ ಹಿಂದೆ ಯಾವಾಗಲೋ ರೂಟ್ ಕೆನಾಲ್ ಆಗಿತ್ತು. ಅದರ ಬೇರು ಸೀಳಿ ಹೋಯಿತು. ಉಳಿಸಲಿಕ್ಕೆ ಆಗುವುದಿಲ್ಲ, ಕೀಳಬೇಕು ಎಂದರು ಹತ್ತಿರದ ಕ್ಲಿನಿಕ್ಕಿನವರು. ಕೀಳುವ ಮೊದಲು ಬಿಪಿ ಇದೆಯಾ, ಶುಗರ್ ಇದೆಯಾ, ರಕ್ತ ತೆಳು ಮಾಡುವ ಮಾತ್ರೆ ಇದೆಯಾ ಎಂದು ಕೇಳಿದರು. ಮೂರಕ್ಕೂ ಇಲ್ಲ ಎಂದೆ. ಅದು ನಿಜವೂ ಹೌದು. ಎಲುಬಿನ ಮಾತ್ರೆಯ ವಿಷಯ ಬರಲೇ ಇಲ್ಲ, ತುಂಬಿಸಿದ ಫಾರಂನಲ್ಲೂ ಆ ಪ್ರಶ್ನೆ ಇರಲಿಲ್ಲ. ಹಲ್ಲು ಕಷ್ಟದಲ್ಲಿ ಬಂತು, ತುಂಡು ಮಾಡಿ ತೆಗೆದರು. 1,200 ರೂಪಾಯಿ ಆಯಿತು.

ನೋವು ವಾರದಲ್ಲಿ ಇಳಿಯಿತು. ಆದರೆ ಗುಂಡಿ ಮುಚ್ಚಲಿಲ್ಲ. ಊಟ ಆದ ಮೇಲೆ ಪ್ರತಿ ಸಲ ಅನ್ನದ ಅಗುಳು ಅದರಲ್ಲಿ ಸಿಕ್ಕಿಹಾಕಿಕೊಳ್ಳುತ್ತಿತ್ತು. ವಯಸ್ಸಾಯಿತು, ನಿಧಾನ ಆಗುತ್ತದೆ ಎಂದು ಸಮಾಧಾನ ಮಾಡಿಕೊಂಡೆ.

ಶಾಲೆ ಶುರುವಾಗುವ ಹೊತ್ತಿಗೆ ಒಂದು ದಿನ ನಾಲಿಗೆಗೆ ಏನೋ ಚುಚ್ಚಿತು. ಕಿತ್ತ ಜಾಗದ ಒಳಬದಿಯಲ್ಲಿ, ನಾಲಿಗೆ ತಾಗುವ ಕಡೆ. ಹಿಂದಿನ ದಿನ ಬೂತಾಯಿ ಗಸಿ ಮಾಡಿದ್ದೆ. ಪಕ್ಕದ ಮನೆಯ ಅಕ್ಕ, "ಮೀನಿನ ಮುಳ್ಳೇ ಇರಬೇಕು ಮಾರಾಯ್ತಿ, ಬೂತಾಯಿಯದ್ದು ಕಣ್ಣಿಗೆ ಕಾಣುವುದಿಲ್ಲ" ಎಂದರು. ನಮ್ಮ ಕಡೆ ಯಾರೇ ಆದರೂ ಮೊದಲು ಹೇಳುವುದು ಅದನ್ನೇ ಅಲ್ವಾ? ಬಾಯಿ ಮುಕ್ಕಳಿಸಿದೆ, ಹತ್ತಿಯಲ್ಲಿ ಒರೆಸಿ ನೋಡಿದೆ. ಬರಲಿಲ್ಲ. ಕೊನೆಗೆ ಯಜಮಾನರು ಟಾರ್ಚ್ ಹಿಡಿದರು, ನಾನು ಕನ್ನಡಿಯಲ್ಲಿ ನೋಡಿದೆ. ಕೆಂಪು ವಸಡಿನ ನಡುವೆ ಹಳದಿ ಕಲೆತ ಬಿಳಿ ಬಣ್ಣದ ಒಂದು ಅಂಚು. ಬೆರಳಲ್ಲಿ ಮುಟ್ಟಿದರೆ ಗಟ್ಟಿ, ಒರಟು. ಅಲ್ಲಾಡುವುದಿಲ್ಲ, ಮುಟ್ಟಿದರೆ ನೋವೂ ಇಲ್ಲ. ಆ ನೋವಿಲ್ಲದ್ದೇ ನನಗೆ ಜಾಸ್ತಿ ಹೆದರಿಕೆ ಹುಟ್ಟಿಸಿತು.

ಹಲ್ಲು ಕಿತ್ತ ಕ್ಲಿನಿಕ್ಕಿಗೇ ಮತ್ತೆ ಹೋದೆ. "ಎಲುಬಿನ ಚೂರು, ಹೆದರಬೇಡಿ, ತಾನೇ ಬೀಳುತ್ತದೆ" ಎಂದು ಮೇಲಿನ ಅಂಚನ್ನು ತಿಕ್ಕಿ ನಯ ಮಾಡಿ ಕಳಿಸಿದರು. ಇಲ್ಲಿ ಒಂದು ಮಾತು ಹೇಳಬೇಕು. ಹೆಚ್ಚಿನವರ ವಿಷಯದಲ್ಲಿ ಅವರು ಹೇಳಿದ್ದು ಸರಿಯೇ. ಹಲ್ಲು ಕೀಳುವಾಗ ಸಣ್ಣ ಚೂರುಗಳು ಉಳಿಯುತ್ತವೆ. ಆಮೇಲಿನ ದಿನಗಳಲ್ಲಿ, ವಾರಗಳಲ್ಲಿ ವಸಡು ಅದನ್ನು ತಾನೇ ಹೊರಗೆ ತಳ್ಳುತ್ತದೆ. ಚೂರು ಬಿದ್ದ ಮೇಲೆ ಗಾಯ ಮುಚ್ಚುತ್ತದೆ. ನಿಮಗೆ ಎಲುಬಿನ ಮಾತ್ರೆ, ಇಂಜೆಕ್ಷನ್, ರೇಡಿಯೇಶನ್ ಯಾವುದೂ ಆಗಿಲ್ಲದಿದ್ದರೆ ಬಹುತೇಕ ಅದು ಅಷ್ಟೇ ಇರುತ್ತದೆ. ಕಿತ್ತ ಎರಡು ಮೂರು ದಿನಕ್ಕೇ ತಡೆಯಲಾಗದ ನೋವು ಬಂದು, ಕೆಟ್ಟ ವಾಸನೆಯ ಜೊತೆ ಒಳಗೆ ಎಲುಬು ಕಂಡರೆ ಅದು ಡ್ರೈ ಸಾಕೆಟ್. ಅದೂ ಬೇರೆಯೇ. ಅದನ್ನು ತೊಳೆದು ಔಷಧಿ ಇಟ್ಟರೆ ಕೆಲವು ದಿನದಲ್ಲಿ ಗುಣವಾಗುತ್ತದೆ. ನನ್ನದು ಇವೆರಡೂ ಆಗಿರಲಿಲ್ಲ.

ನಯ ಮಾಡಿದ ಅಂಚು ಉಳಿದೇ ಉಳಿಯಿತು. ಅದರ ಸುತ್ತ ವಸಡು ಹಿಂದೆ ಸರಿದು ಎಲುಬು ಮೊದಲಿಗಿಂತ ಜಾಸ್ತಿ ಕಾಣತೊಡಗಿತು. ಬೇಡವೆಂದರೂ ನಾಲಿಗೆ ಅಲ್ಲಿಗೇ ಹೋಗುತ್ತಿತ್ತು, ಹೋಗಿ ಹೋಗಿ ನಾಲಿಗೆಯ ಬದಿಯಲ್ಲೂ ಹುಣ್ಣಾಯಿತು. ಊಟ ಎಂದರೆ ಕುಚ್ಚಲಕ್ಕಿ ಗಂಜಿ, ತುಪ್ಪ, ಉಪ್ಪು. ಚಟ್ನಿ ತಾಗಿದರೆ ಕಣ್ಣಲ್ಲಿ ನೀರು. ಫೋನಿನಲ್ಲಿ ಮಾತಾಡಿದರೆ ಮಗಳು, "ಅಮ್ಮ, ನಿನ್ನ ಮಾತು ಯಾಕೆ ಹೀಗೆ ಕೇಳ್ತಿದೆ?" ಎನ್ನುತ್ತಿದ್ದಳು. ಮತ್ತೆ ಕ್ಲಿನಿಕ್ಕಿಗೆ ಹೋದಾಗ, ಮರಗಟ್ಟಿಸಿ ಅಷ್ಟು ಎಲುಬು ಕತ್ತರಿಸಿ ಹೊಲಿಗೆ ಹಾಕಿಬಿಡುವ ಎಂದರು. ಮಗಳು ಒಪ್ಪಲಿಲ್ಲ. ಅವಳ ಮನೆ ತೊಕ್ಕೊಟ್ಟಿನಲ್ಲಿ. "ಇಲ್ಲಿ ಬಾ, ಡೆಂಟಲ್ ಕಾಲೇಜಿಗೆ ತೋರಿಸಿಯೇ ಮುಂದಿನ ಮಾತು" ಎಂದಳು. ಆವತ್ತು ಅವಳು ಹಟ ಹಿಡಿದದ್ದು ದೊಡ್ಡ ಉಪಕಾರ. ಇಂಥ ದವಡೆಯಲ್ಲಿ ಕಾರಣ ಗೊತ್ತಿಲ್ಲದೆ ಕತ್ತರಿಸಿದರೆ ಗಾಯ ಇನ್ನೂ ದೊಡ್ಡದಾಗುವ ಅಪಾಯ ಇದೆ ಎಂದು ಆಮೇಲೆ ಗೊತ್ತಾಯಿತು.

ನಮ್ಮ ಉಡುಪಿ, ದಕ್ಷಿಣ ಕನ್ನಡ ಎರಡು ಜಿಲ್ಲೆಗಳಲ್ಲಿ ಡೆಂಟಲ್ ಕಾಲೇಜುಗಳಿಗೆ ಬರವಿಲ್ಲ. ಮಣಿಪಾಲ, ಮುಕ್ಕ, ಕುಂಟಿಕಾನ, ಲೈಟ್‌ಹೌಸ್ ಹಿಲ್, ದೇರಳಕಟ್ಟೆ, ಎಲ್ಲ ಕಡೆ ಇವೆ. ನನಗೆ ಮಣಿಪಾಲವೇ ಹತ್ತಿರ. ಆದರೆ ಮಗಳ ಮನೆಯಲ್ಲಿ ಉಳಿಯಬಹುದು ಎಂದು ದೇರಳಕಟ್ಟೆ ಕಡೆಗೆ ಹೋದೆ. ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಮಂಗಳೂರು, ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡಿನಲ್ಲಿ ಇಳಿದು ಇನ್ನೊಂದು ಬಸ್ಸು, ನೇತ್ರಾವತಿ ಸೇತುವೆ ದಾಟಿ ತೊಕ್ಕೊಟ್ಟು. ಆಟಿ ತಿಂಗಳ ಮಳೆ ಬೇರೆ. ಹೋಗುವವರು ಬೆಳಿಗ್ಗೆ ಬೇಗ ಹೋಗಿ. ನಾನು ಹತ್ತೂವರೆಗೆ ತಲುಪಿದ ದಿನ ಎಕ್ಸ್‌ರೇ ಆಗುವಾಗ ಊಟದ ಹೊತ್ತಾಗಿತ್ತು. ಮುಂದಿನದೆಲ್ಲ ಎರಡು ಗಂಟೆಯ ಮೇಲೆ ಎಂದರು.

ಕಾಲೇಜಿನ ಕ್ರಮ ಗೊತ್ತಿಲ್ಲದಿದ್ದರೆ ಗಲಿಬಿಲಿ ಆಗುತ್ತದೆ. ನೇರ ಸರ್ಜನ್ ಹತ್ತಿರ ಹೋಗಲಿಕ್ಕೆ ಆಗುವುದಿಲ್ಲ. ಮೊದಲು ಚೀಟಿ ಮಾಡಿಸಬೇಕು, ನನಗೆ 50 ರೂಪಾಯಿ ಆಯಿತು. ಆಮೇಲೆ ಓರಲ್ ಮೆಡಿಸಿನ್ ವಿಭಾಗ. ಅಲ್ಲಿ ಕಲಿಯುವ ಮಕ್ಕಳು ಮೊದಲು ಎಲ್ಲ ಕೇಳಿ ಬರೆದುಕೊಳ್ಳುತ್ತಾರೆ. ನಂತರ ಪಿಜಿ ಡಾಕ್ಟರು ಅದನ್ನೇ ಮತ್ತೆ ಕೇಳುತ್ತಾರೆ, ಆಮೇಲೆ ದೊಡ್ಡ ಡಾಕ್ಟರು ಬಂದು ಮೂರನೇ ಸಲ ಕೇಳುತ್ತಾರೆ. ಕೆಲವರು ಇದಕ್ಕೆ ಸಿಟ್ಟಾಗುವುದನ್ನು ಕಂಡೆ. ದಯವಿಟ್ಟು ಸಿಟ್ಟಾಗಬೇಡಿ. ನನ್ನ ಕಾಯಿಲೆ ಪತ್ತೆಯಾದದ್ದು ಆ ಪ್ರಶ್ನೆಗಳಿಂದಲೇ, ಯಾವ ಮಿಶಿನಿನಿಂದಲೂ ಅಲ್ಲ.

ಸಿಸ್ಟರ್ "ಬಲೆ ಅಮ್ಮಾ, ಕುಲ್ಲುಲೆ" ಎಂದು ಕುರ್ಚಿಯಲ್ಲಿ ಕೂರಿಸಿದರು. ಪಿಜಿ ಡಾಕ್ಟರು ಕೇರಳದ ಹುಡುಗಿ, ಕನ್ನಡ ನಿಧಾನವಾಗಿ ಆದರೆ ಸ್ಪಷ್ಟವಾಗಿ ಮಾತಾಡುತ್ತಿದ್ದರು. "ಅಮ್ಮ, ಎಲೆ ಅಡಿಕೆ ಹಾಕ್ತೀರಾ? ಹೊಗೆಸೊಪ್ಪು?" ಇಲ್ಲ ಎಂದೆ. ಆ ಪ್ರಶ್ನೆ ಯಾಕೆ ಎಂದು ಗೊತ್ತಿತ್ತು, ಎದೆ ಹೊಡೆದುಕೊಂಡಿತು. "ಕತ್ತಿಗೆ, ಮುಖಕ್ಕೆ ರೇಡಿಯೇಶನ್ ಕೊಟ್ಟಿದ್ದಾರಾ?" ಇಲ್ಲ. "ಕೋವಿಡ್ ಬಂದು ಅಡ್ಮಿಟ್ ಆಗಿದ್ರಾ?" ಅದೂ ಇಲ್ಲ. 2021ರಲ್ಲಿ ಬ್ಲ್ಯಾಕ್ ಫಂಗಸ್ ಬಂದವರಲ್ಲಿ ಕೆಲವರಿಗೆ ಮೇಲಿನ ದವಡೆಯ ಎಲುಬು ಹೀಗೆ ಹೊರಗೆ ಕಂಡಿತ್ತಂತೆ, ಅದಕ್ಕೆ ಆ ಪ್ರಶ್ನೆ. ಆಮೇಲೆ ಕೇಳಿದರು: "ಎಲುಬು ಸವೆತಕ್ಕೆ ವಾರಕ್ಕೊಂದು ಮಾತ್ರೆ, ಅಥವಾ ವರ್ಷಕ್ಕೊಂದು ಇಂಜೆಕ್ಷನ್ ಏನಾದರೂ?"

ಹೌದು, ಭಾನುವಾರದ ಮಾತ್ರೆ ಇದೆ ಎಂದೆ. ಅವರು ಪೆನ್ನು ಕೆಳಗಿಟ್ಟು ನನ್ನ ಮುಖ ನೋಡಿದರು. "ಎಷ್ಟು ವರ್ಷದಿಂದ ಅಮ್ಮ?"

ಕಾಯಿಲೆಗೆ ಅವರು ಉದ್ದದ ಇಂಗ್ಲಿಷ್ ಹೆಸರು ಹೇಳಿದರು. ಚೀಟಿಯಲ್ಲಿ ಬರೆಯುವುದು ಎಂಆರ್‌ಒಎನ್‌ಜೆ ಎಂದು. ಔಷಧಿಯ ಕಾರಣಕ್ಕೆ ದವಡೆಯ ಎಲುಬಿನ ಒಂದು ಭಾಗ ಜೀವ ಕಳೆದುಕೊಳ್ಳುವುದು. ದೊಡ್ಡ ಡಾಕ್ಟರು ಎಕ್ಸ್‌ರೇ ಎದುರಿಗಿಟ್ಟು ವಿವರಿಸಿದರು. ನಮ್ಮ ಎಲುಬು ಸುಮ್ನೆ ಇರುವುದಿಲ್ಲ. ಹಳೆಯದನ್ನು ಕರಗಿಸುವ ಜೀವಕೋಶಗಳು, ಹೊಸದನ್ನು ಕಟ್ಟುವ ಜೀವಕೋಶಗಳು ದಿನಾ ಕೆಲಸ ಮಾಡುತ್ತಲೇ ಇರುತ್ತವೆ. ವಯಸ್ಸಾದಂತೆ ಕಟ್ಟುವುದಕ್ಕಿಂತ ಕರಗುವುದು ಜಾಸ್ತಿಯಾಗಿ ಎಲುಬು ಸವೆಯುತ್ತದೆ. ಈ ಮಾತ್ರೆ ಕರಗಿಸುವ ಕೋಶಗಳನ್ನು ತಡೆಯುತ್ತದೆ. ಬೆನ್ನಿಗೆ, ಸೊಂಟಕ್ಕೆ ಅದು ಒಳ್ಳೆಯದು. ಆದರೆ ಹಲ್ಲು ಕಿತ್ತಾಗ ದವಡೆಯಲ್ಲಿ ಆಗುವ ಗುಂಡಿ ತುಂಬಬೇಕಾದರೆ ಹಳೆಯ ಎಲುಬು ಕರಗಿ ಹೊಸದು ಬರಲೇಬೇಕು. ಅದು ನಿಂತರೆ, ಬಾಯಿಯ ಕೀಟಾಣುಗಳೂ ಸೇರಿಕೊಂಡರೆ, ಅಲ್ಲಿಯ ಎಲುಬು ಸಾಯುತ್ತದೆ. ಮೇಲೆ ವಸಡು ನಿಲ್ಲುವುದಿಲ್ಲ. ಮೇಲಿನ ದವಡೆಗಿಂತ ಕೆಳಗಿನದ್ದರಲ್ಲಿ ಇದು ಜಾಸ್ತಿ.

ಹೀಗಾಗುತ್ತದೆ ಎಂದು ಮೊದಲ ಸಲ ವರದಿಯಾದದ್ದು 2003ರಲ್ಲಿ, ಅಮೆರಿಕದ ಸರ್ಜನ್ ರಾಬರ್ಟ್ ಮಾರ್ಕ್ಸ್ ಅವರಿಂದ. ಎಲುಬು ಸವೆತಕ್ಕೆ ಈ ಜಾತಿಯ ಔಷಧಿ ತೆಗೆದುಕೊಳ್ಳುವವರಲ್ಲಿ ಇದು ಬಹಳ ಅಪರೂಪ. ಅಮೆರಿಕದ ಬಾಯಿ ಮತ್ತು ದವಡೆ ಸರ್ಜನ್ನರ ಸಂಘ 2022ರಲ್ಲಿ ಕೊಟ್ಟ ಲೆಕ್ಕದಲ್ಲಿ 10,000 ಮಂದಿಗೆ 2ರಿಂದ 5. ಕ್ಯಾನ್ಸರ್ ಎಲುಬಿಗೆ ಹರಡಿದವರಿಗೆ ಇದೇ ಜಾತಿಯ ಇಂಜೆಕ್ಷನ್ ಮೂರು ನಾಲ್ಕು ವಾರಕ್ಕೊಮ್ಮೆ ದೊಡ್ಡ ಪ್ರಮಾಣದಲ್ಲಿ ಕೊಡುತ್ತಾರೆ, ಅವರಲ್ಲಿ ಅಪಾಯ ಎಷ್ಟೋ ಪಾಲು ಜಾಸ್ತಿ. ಈ ಅಂಕಿ ಕೇಳಿ ನಿಮ್ಮ ಮಾತ್ರೆ ಎಸೆಯಬೇಡಿ ಎಂದು ಕೈಮುಗಿದು ಕೇಳುತ್ತೇನೆ. ಸೊಂಟ ಮುರಿದು ಹಾಸಿಗೆ ಹಿಡಿದವರನ್ನು ನಮ್ಮ ಊರಿನಲ್ಲೇ ನೋಡಿದ್ದೇನೆ. ನನ್ನ ಬೇಡಿಕೆ ಇಷ್ಟೇ. ಹಲ್ಲಿನ ಡಾಕ್ಟರಿಗೆ ಎಲುಬಿನ ಮಾತ್ರೆಯ ವಿಷಯ ಹೇಳಿ, ಎಲುಬಿನ ಡಾಕ್ಟರಿಗೆ ಹಲ್ಲಿನ ವಿಷಯ ಹೇಳಿ. ಅವರಿಬ್ಬರೂ ತಾವಾಗಿ ಮಾತಾಡಿಕೊಳ್ಳುವುದಿಲ್ಲ. ನಡುವೆ ಇರುವುದು ನಾವೇ.

ಇದೇ ಕಾಯಿಲೆ ಎಂದು ಬರೆಯಬೇಕಾದರೆ ಮೂರು ವಿಷಯ ಖಚಿತ ಆಗಬೇಕಿತ್ತು. ಆ ಔಷಧಿ ತೆಗೆದುಕೊಂಡಿರಬೇಕು. ಎಲುಬು 8 ವಾರಕ್ಕಿಂತ ಜಾಸ್ತಿ ಹೊರಗೆ ಕಂಡಿರಬೇಕು. ದವಡೆಗೆ ರೇಡಿಯೇಶನ್ ಆಗಿರಬಾರದು, ದವಡೆಗೆ ಕ್ಯಾನ್ಸರ್ ಹರಡಿರಲೂಬಾರದು. ಬಾಯಲ್ಲಿ ಹೇಳಿದರೆ ಸಾಲದು, ಕಾಗದ ಬೇಕು ಎಂದರು. ಅಲ್ಲಿಂದ ಕಾಗದದ ಬೇಟೆ ಶುರು. ಮಾತ್ರೆ ಬರೆದ ಎಲುಬಿನ ಡಾಕ್ಟರು ಹಳೆಯ ಕ್ಲಿನಿಕ್ ಮುಚ್ಚಿ ಬೇರೆ ಆಸ್ಪತ್ರೆ ಸೇರಿದ್ದರು. ಮೊದಲ ಚೀಟಿ ಸಿಕ್ಕಿತು, ನಡುವಿನದ್ದು ಇಲ್ಲ. ಮೆಡಿಕಲ್ ಶಾಪಿನ ಬಿಲ್ಲುಗಳನ್ನು ಇಟ್ಟಿದ್ದೆ, ಆದರೆ ಅದರ ಅಕ್ಷರವೆಲ್ಲ ಮಾಸಿ ಕಾಗದ ಬಿಳಿಯಾಗಿತ್ತು. ಕೊನೆಗೆ ಕೈಹಿಡಿದದ್ದು ಮೆಡಿಕಲ್ ಶಾಪಿನ ಹುಡುಗ. ಅವರ ಕಂಪ್ಯೂಟರಿನಲ್ಲಿ ನನ್ನ ಹೆಸರು, ಫೋನ್ ನಂಬರಿನಲ್ಲಿ ಹಿಂದಿನ ಖರೀದಿಯೆಲ್ಲ ಇತ್ತು. ಪ್ರಿಂಟ್ ತೆಗೆದು ಸೀಲು ಹಾಕಿ ಕೊಟ್ಟರು. ನೀವು ಹೊರಡುವ ಮೊದಲು ಇವನ್ನು ಒಂದು ಫೈಲಿಗೆ ಹಾಕಿಕೊಳ್ಳಿ: ಮಾತ್ರೆ ಶುರು ಮಾಡಿದ ಚೀಟಿ, ಖಾಲಿಯಾದ ಒಂದು ಸ್ಟ್ರಿಪ್, ಡೆಕ್ಸಾ ರಿಪೋರ್ಟ್, ಹಲ್ಲು ಕಿತ್ತ ದಿನದ ಬಿಲ್ಲು, ಕೀಳುವ ಮೊದಲು ತೆಗೆದ ಎಕ್ಸ್‌ರೇ ಇದ್ದರೆ ಅದು. ಬಿಲ್ಲುಗಳ ಫೋಟೊ ಅವತ್ತೇ ತೆಗೆದಿಟ್ಟುಕೊಳ್ಳಿ.

ಖರ್ಚಿನ ಲೆಕ್ಕವನ್ನೂ ಹೇಳುತ್ತೇನೆ. ಇಡೀ ದವಡೆಯ ಎಕ್ಸ್‌ರೇ, ಅಂದರೆ ಓಪಿಜಿ, 350 ರೂಪಾಯಿ. ದವಡೆಯನ್ನು ಮೂರು ಕಡೆಯಿಂದ ತೋರಿಸುವ ಸಿಬಿಸಿಟಿ ಸ್ಕ್ಯಾನ್ 2,000. ರಕ್ತಪರೀಕ್ಷೆ, ವಿಟಮಿನ್ ಡಿ ಸೇರಿ, ಹೊರಗಿನ ಲ್ಯಾಬಿನಲ್ಲಿ 2,600 ಆಯಿತು. ವಿಟಮಿನ್ ಡಿ ಕಡಿಮೆ ಇತ್ತು, ಅದಕ್ಕೂ ಮದ್ದು ಕೊಟ್ಟರು. ಸ್ಕ್ಯಾನಿನ ಸಿಡಿಯನ್ನು ಕೇಳಿ ತೆಗೆದುಕೊಳ್ಳಿ. ಬೇರೆ ಕಡೆ ತೋರಿಸಬೇಕಾದರೆ ಅದು ಬೇಕಾಗುತ್ತದೆ.

ಇಷ್ಟೆಲ್ಲ ಆದ ಮೇಲೆ ಆಪರೇಷನ್ ದಿನ ಕೊಡುತ್ತಾರೆ ಎಂದು ಕಾದಿದ್ದೆ. ಸರ್ಜನ್ ಹೇಳಿದ್ದು ಬೇರೆ. "ಈಗ ಮುಟ್ಟುವುದು ಬೇಡ ಅಮ್ಮ. ಸತ್ತ ಎಲುಬು ಯಾವುದು, ಜೀವ ಇರುವುದು ಯಾವುದು ಎಂದು ಗಡಿ ಇನ್ನೂ ಗೊತ್ತಾಗ್ತಿಲ್ಲ. ಕಾಯುವ." ಬಾಯಲ್ಲಿ ಎಲುಬು ಕಾಣುತ್ತಿರುವಾಗ ಮನೆಗೆ ಹೋಗಿ ಎಂದರೆ ಹೇಗನಿಸಬೇಡ? ಮಗಳ ಎದುರು ಗಟ್ಟಿ ಇದ್ದೆ, ಬಸ್ಸಿನಲ್ಲಿ ಅಳು ತಡೆಯಲಾಗಲಿಲ್ಲ. ಈಗ ಹೇಳುತ್ತೇನೆ, ಕಾಯುವುದೂ ಚಿಕಿತ್ಸೆಯೇ. ನೋವು, ಕೀವು ಇಲ್ಲದಿದ್ದರೆ ಅದು ಮೊದಲ ಹಂತ. ಆ ಹಂತದಲ್ಲಿ ಬಾಯಿ ಚೊಕ್ಕ ಇಟ್ಟುಕೊಂಡು ಕಾಯುವುದನ್ನೇ ಹೇಳುತ್ತಾರೆ. ನಾಲಿಗೆ ಕೊಯ್ಯುತ್ತಿದ್ದ ತುದಿಯನ್ನು ಮಾತ್ರ ನಯ ಮಾಡಿದರು.

ದಿನಕ್ಕೆ ಎರಡು ಸಲ ಕ್ಲೋರ್‌ಹೆಕ್ಸಿಡಿನ್‌ನಲ್ಲಿ ಬಾಯಿ ಮುಕ್ಕಳಿಸಬೇಕು, ಪ್ರತಿ ಊಟದ ಮೇಲೆ ಉಗುರು ಬೆಚ್ಚಗಿನ ಉಪ್ಪು ನೀರು. ಮೆತ್ತಗಿನ ಬ್ರಷ್. ಕ್ಲೋರ್‌ಹೆಕ್ಸಿಡಿನ್ ತುಂಬ ದಿನ ಬಳಸಿದರೆ ಹಲ್ಲಿನ ಮೇಲೆ, ನಾಲಿಗೆಯ ಮೇಲೆ ಕಂದು ಕಲೆ ಬರುತ್ತದೆ, ನಾಲಿಗೆಯ ರುಚಿಯೂ ಕೆಡುತ್ತದೆ. ನನಗೆ ಕಾಫಿ ಉಪ್ಪುಪ್ಪಾಗಿ ಅನಿಸುತ್ತಿತ್ತು. ಇದು ಮೊದಲೇ ಗೊತ್ತಿದ್ದರೆ ಗಾಬರಿ ಆಗುವುದಿಲ್ಲ. ಬಿಟ್ಟ ಮೇಲೆ ರುಚಿ ಬರುತ್ತದೆ, ಕಲೆಯನ್ನು ಕ್ಲೀನಿಂಗ್‌ನಲ್ಲಿ ತೆಗೆಯುತ್ತಾರೆ.

ಇನ್ನೊಂದು ಅಡಚಣೆ ಮಾತ್ರೆಯದ್ದು. ಮುಂದುವರಿಸಬೇಕೋ ನಿಲ್ಲಿಸಬೇಕೋ? ಹಲ್ಲಿನ ಡಾಕ್ಟರು ತಾವಾಗಿ ನಿಲ್ಲಿಸಲಿಲ್ಲ, ಎಲುಬಿನ ಡಾಕ್ಟರಿಗೆ ಪತ್ರ ಬರೆದುಕೊಟ್ಟರು. ಪತ್ರ ಹಿಡಿದು ಅವರ ಹೊಸ ಆಸ್ಪತ್ರೆಗೆ ಹೋದರೆ ಅವರು ರಜೆಯಲ್ಲಿ. ಮುಂದಿನ ವಾರ ಮತ್ತೆ ಹೋದೆ. ಓದಿದರು, ಫೈಲು ನೋಡಿದರು. ಈ ಮಾತ್ರೆ ಐದು ವರ್ಷ ಆದ ಮೇಲೆ ಇನ್ನೂ ಬೇಕೋ ಬೇಡವೋ ಎಂದು ಪರಿಶೀಲಿಸುವ ಕ್ರಮ ಇದೆ ಎಂದರು. ಸದ್ಯಕ್ಕೆ ನಿಲ್ಲಿಸಿ, ಕ್ಯಾಲ್ಸಿಯಂ ಮತ್ತು ವಿಟಮಿನ್ ಡಿ ಮುಂದುವರಿಸಿ ಎಂದು ಬರೆದರು. ನಿಲ್ಲಿಸಿದ ಕೂಡಲೇ ಇದರ ಪ್ರಭಾವ ಹೋಗುವುದಿಲ್ಲ, ಎಲುಬಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಆದರೆ ಎಲುಬು ಸವೆತಕ್ಕೆ ಆರು ತಿಂಗಳಿಗೊಮ್ಮೆ ಡೆನೊಸುಮಾಬ್ ಇಂಜೆಕ್ಷನ್ ತೆಗೆದುಕೊಳ್ಳುವವರು ಕೇಳಿ: ಅದನ್ನು ಸುಮ್ನೆ ನಿಲ್ಲಿಸಿದರೆ ಬೆನ್ನಿನ ಎಲುಬು ಮುರಿಯುವ ಅಪಾಯ ಇದೆ. ಅದರಿಂದಲೂ ದವಡೆಗೆ ಇದೇ ತೊಂದರೆ ಬರಬಹುದು, ಹಾಗೆಂದು ನೀವಾಗಿ ನಿಲ್ಲಿಸಬೇಡಿ. ಬರೆದ ಡಾಕ್ಟರೇ ಹೇಳಬೇಕು.

ಉಡುಪಿಯಲ್ಲಿ ಕೃಷ್ಣಾಷ್ಟಮಿ, ವಿಟ್ಲಪಿಂಡಿಯ ಗೌಜಿ ಇದ್ದ ಸಮಯ. ರಾತ್ರಿ ಕೆನ್ನೆ ಭಾರವಾಯಿತು, ಬೆಳಿಗ್ಗೆ ಊದಿತ್ತು. ಎಲುಬಿನ ಸುತ್ತ ಒತ್ತಿದರೆ ಕೀವು, ಬಾಯಿ ತುಂಬ ಕೆಟ್ಟ ವಾಸನೆ. ಮನೆಯವರ ಎದುರು ಬಾಯಿ ತೆರೆಯಲಿಕ್ಕೂ ಸಂಕೋಚ. ಅವತ್ತೇ ಮಗಳು ಕಾರು ಮಾಡಿ ಕರೆದುಕೊಂಡು ಹೋದಳು. ಎರಡನೇ ಹಂತ ಎಂದರು. ಸರ್ಜನ್ ಹತ್ತಿಯ ತುದಿಯಲ್ಲಿ ಕೆಳತುಟಿ, ಗಲ್ಲ ಮುಟ್ಟಿ ಮುಟ್ಟಿ "ಗೊತ್ತಾಗ್ತದಾ? ಎರಡೂ ಬದಿ ಒಂದೇ ರೀತಿ ಉಂಟಾ?" ಎಂದು ಕೇಳಿದರು. ತುಟಿ ಮರಗಟ್ಟಿದರೆ ಒಳಗಿನ ನರದ ತನಕ ತೊಂದರೆ ಹೋಗಿದೆ ಎಂದು ಅರ್ಥ. ನನಗೆ ಹಾಗಿರಲಿಲ್ಲ. ಅಮಾಕ್ಸಿಸಿಲಿನ್ ಕ್ಲಾವುಲನೇಟ್, ಮೆಟ್ರೊನಿಡಜೋಲ್ ಎರಡು ಆಂಟಿಬಯೋಟಿಕ್ ಕೊಟ್ಟರು. ಹೊಟ್ಟೆ ಕೆಟ್ಟಿತು, ಬಾಯಲ್ಲಿ ತುಕ್ಕಿನ ರುಚಿ. ಊತ ಮಾತ್ರ ಇಳಿಯಿತು. ಕೀವು, ಊತ, ಜ್ವರ, ತುಟಿಯ ಜೋಮು, ಇದರಲ್ಲಿ ಒಂದು ಕಂಡರೂ ಮುಂದಿನ ಅಪಾಯಿಂಟ್‌ಮೆಂಟ್ ತನಕ ಕಾಯಬೇಡಿ. ಅವತ್ತೇ ಹೋಗಿ.

ನವರಾತ್ರಿ ಹತ್ತಿರ ಬಂದಾಗ ಒಂದು ಬದಲಾವಣೆ ಗಮನಕ್ಕೆ ಬಂತು. ನಾಲಿಗೆ ತಾಗಿದರೆ ಎಲುಬು ಸ್ವಲ್ಪ ಅಲ್ಲಾಡುತ್ತಿತ್ತು. ನಾನು ಹೆದರಿದೆ, ಸರ್ಜನ್‌ಗೆ ಸಂತೋಷವಾಯಿತು. ಅವರು ಕಾಯುತ್ತಿದ್ದದ್ದೇ ಅದಕ್ಕೆ. ಸತ್ತ ಭಾಗ ಒಳ್ಳೆಯ ಎಲುಬಿನಿಂದ ತಾನೇ ಬಿಡಿಸಿಕೊಂಡಿತ್ತು. ಮತ್ತೊಮ್ಮೆ ಸ್ಕ್ಯಾನ್ ಮಾಡಿ ಗಡಿ ಸ್ಪಷ್ಟ ಇದೆ ಎಂದು ನೋಡಿಕೊಂಡು ದಿನ ಕೊಟ್ಟರು.

ಪೂರ್ತಿ ಪ್ರಜ್ಞೆ ತಪ್ಪಿಸಲಿಲ್ಲ, ಇಂಜೆಕ್ಷನ್ ಕೊಟ್ಟು ಆ ಜಾಗ ಮಾತ್ರ ಮರಗಟ್ಟಿಸಿದರು. ಮೊದಲು ತೋಳಿನಿಂದ ರಕ್ತ ತೆಗೆದು ಸಣ್ಣ ಯಂತ್ರದಲ್ಲಿ ತಿರುಗಿಸಿದರು. ಅದರಿಂದ ಬರುವ ಹಳದಿ ಪದರವನ್ನು ಪಿಆರ್‌ಎಫ್ ಎನ್ನುತ್ತಾರೆ, ಗಾಯ ಮಾಯಲಿಕ್ಕೆ ಸಹಾಯವಾಗಲಿ ಎಂದು ಅದನ್ನು ಗುಂಡಿಯಲ್ಲಿ ಇಡುತ್ತಾರೆ. ವಸಡು ಬಿಡಿಸಿ ಎಲುಬಿನ ತುಂಡನ್ನು ಎತ್ತಿದಾಗ ನೋವು ಆಗಲಿಲ್ಲ, ಒಂದು ಸಣ್ಣ ಎಳೆತ ಅಷ್ಟೇ. ಕೆಳಗಿನ ಎಲುಬಿನಿಂದ ರಕ್ತ ಜಿನುಗುವ ತನಕ ತಿಕ್ಕಿದರು. ರಕ್ತ ಬಂದರೆ ಅಲ್ಲಿ ಜೀವ ಇದೆ ಎಂದು. ಅಂಚುಗಳನ್ನು ನಯ ಮಾಡಿ, ವಸಡನ್ನು ಎಳೆದು ಹೊಲಿಗೆ ಹಾಕಿದರು. ಎಲುಬು ತಿಕ್ಕುವ ಯಂತ್ರದ ಸದ್ದು ತಲೆಯೊಳಗೇ ಕೇಳುತ್ತದೆ, ಅದಕ್ಕೆ ಮನಸ್ಸು ಗಟ್ಟಿ ಮಾಡಿಕೊಂಡು ಹೋಗಿ.

ನೋಡಬೇಕು ಎಂದು ಕೇಳಿದೆ. ಗಾಜ್ ಬಟ್ಟೆಯ ಮೇಲಿಟ್ಟು ತೋರಿಸಿದರು. ಅರ್ಧ ಹುಣಸೆಬೀಜದಷ್ಟು ಇತ್ತು. ಒಂದು ಬದಿ ಕಂದು ಹಳದಿ, ಇನ್ನೊಂದು ಬದಿ ಬೂದು. ಮೈತುಂಬ ಸೂಜಿ ಚುಚ್ಚಿದ ಹಾಗೆ ತೂತು. ಒಂದು ಅಂಚು ಗರಗಸದಂತೆ ಇತ್ತು, ಇಷ್ಟು ದಿನ ನಾಲಿಗೆ ಕೊಯ್ದದ್ದು ಅದೇ. ಇಷ್ಟು ಚಿಕ್ಕ ವಸ್ತು ಇಡೀ ಮಳೆಗಾಲ ನನ್ನ ನಿದ್ದೆ, ಊಟ, ಮಾತು ಎಲ್ಲ ತಿಂದಿತ್ತು ಎಂದು ನಂಬಲಾಗಲಿಲ್ಲ.

ತುಂಡನ್ನು ಬಯಾಪ್ಸಿಗೆ ಕಳಿಸಿದರು. ಎಲುಬನ್ನು ಮೆದು ಮಾಡಿಯೇ ಪರೀಕ್ಷೆ ಮಾಡಬೇಕಾದ್ದರಿಂದ ಇದರ ರಿಪೋರ್ಟ್ ತಡ. ಆ ದಿನಗಳು ಉಳಿದೆಲ್ಲಕ್ಕಿಂತ ಕಷ್ಟದವು. ಕ್ಯಾನ್ಸರ್ ಅಲ್ಲ ಎಂದು ಅವರು ಬಾಯಲ್ಲಿ ಹೇಳಿದ್ದರು, ಕಾಗದದಲ್ಲಿ ನೋಡುವ ತನಕ ಮನಸ್ಸು ಕೇಳುತ್ತದಾ? ಬಂದ ರಿಪೋರ್ಟಿನಲ್ಲಿ ಸತ್ತ ಎಲುಬು, ಜೊತೆಗೆ ಆಕ್ಟಿನೊಮೈಸಿಸ್ ಎಂಬ ಬ್ಯಾಕ್ಟೀರಿಯಾದ ಗುಂಪು ಎಂದು ಬರೆದಿತ್ತು. ಆ ಹೆಸರು ನೋಡಿ ಗಾಬರಿಯಾಗಬೇಡಿ, ಇಂಥ ಎಲುಬಿನಲ್ಲಿ ಅದು ಸಾಮಾನ್ಯವಾಗಿ ಕಾಣಿಸುತ್ತದೆ ಎಂದರು. ಕ್ಯಾನ್ಸರ್ ಇಲ್ಲ. ಯಜಮಾನರು ಆ ಒಂದು ಸಾಲನ್ನು ಮತ್ತೆ ಮತ್ತೆ ಓದಿಸಿದರು.

ಆಪರೇಷನ್, ಪಿಆರ್‌ಎಫ್, ಬಯಾಪ್ಸಿ ಸೇರಿ ಕಾಲೇಜಿನಲ್ಲಿ 9,000 ರೂಪಾಯಿ ಒಳಗೆ ಮುಗಿಯಿತು. ಔಷಧಿ ಬೇರೆ. ಇನ್ಶೂರೆನ್ಸ್ ಸಿಗಲಿಲ್ಲ. ನಮ್ಮ ಪಾಲಿಸಿಯಲ್ಲಿ ಅಪಘಾತ ಬಿಟ್ಟರೆ ಹಲ್ಲಿನ ಚಿಕಿತ್ಸೆಗೆ ಹಣ ಇಲ್ಲ ಎಂದು ಬರೆದಿದೆ. ಇದು ಹಲ್ಲಲ್ಲ, ದವಡೆಯ ಎಲುಬಿನ ಕಾಯಿಲೆ ಎಂದು ಸರ್ಜನ್ ಪತ್ರ ಕೊಟ್ಟರೂ, ಅಡ್ಮಿಟ್ ಆಗಿಲ್ಲ ಎಂದು ತಿರಸ್ಕರಿಸಿದರು. ನಿಮ್ಮದು ಅಡ್ಮಿಟ್ ಆಗುವಷ್ಟು ದೊಡ್ಡ ಆಪರೇಷನ್ ಆದರೆ ಮೊದಲೇ ಲಿಖಿತದಲ್ಲಿ ಕೇಳಿ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದ ತನಕ, ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ 30 ಶೇಕಡ, 1.5 ಲಕ್ಷದ ತನಕ ಸಿಗುತ್ತದೆ. ತುರ್ತು ಅಲ್ಲದಿದ್ದರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಬೇಕು. ನಿಮ್ಮ ಚಿಕಿತ್ಸೆ ಅದರ ಪಟ್ಟಿಯಲ್ಲಿ ಇದೆಯಾ ಎಂದು ಆಸ್ಪತ್ರೆಯ ಕೌಂಟರಿನಲ್ಲೇ ವಿಚಾರಿಸಿ.

ಎಲುಬಿನ ಮಾತ್ರೆ ಅಥವಾ ಇಂಜೆಕ್ಷನ್ ಇನ್ನೂ ಶುರು ಮಾಡದವರಿಗೆ ಒಂದು ಮಾತು. ಮೊದಲು ಹಲ್ಲು ತೋರಿಸಿ. ಕೀಳಬೇಕಾದ್ದನ್ನು ಕಿತ್ತು, ಗಾಯ ಮಾಯ್ದ ಮೇಲೆ ಶುರು ಮಾಡಬಹುದಾ ಎಂದು ಕೇಳಿ. ಈಗಾಗಲೇ ತೆಗೆದುಕೊಳ್ಳುತ್ತಿರುವವರು ಹಲ್ಲು ಕೀಳಿಸಲೇಬಾರದು ಎಂದಲ್ಲ. ಬಹಳಷ್ಟು ಮಂದಿಗೆ ಏನೂ ಆಗುವುದಿಲ್ಲ. ಗೊತ್ತಿದ್ದರೆ ಡಾಕ್ಟರು ಜಾಗ್ರತೆ ಮಾಡುತ್ತಾರೆ, ರೂಟ್ ಕೆನಾಲ್‌ನಲ್ಲಿ ಉಳಿಸಬಹುದಾ ಎಂದು ನೋಡುತ್ತಾರೆ. ಸಕ್ಕರೆ ಕಾಯಿಲೆ ಇದ್ದರೆ, ಸ್ಟೀರಾಯ್ಡ್ ಮಾತ್ರೆ ಇದ್ದರೆ ಅದನ್ನೂ ಹೇಳಿ, ಅವು ಅಪಾಯ ಹೆಚ್ಚಿಸುತ್ತವೆ. ಹಳೆಯ ಸೆಟ್ಟು ಹಲ್ಲು ವಸಡಿಗೆ ಒತ್ತುತ್ತಿದ್ದರೆ ಸರಿ ಮಾಡಿಸಿಕೊಳ್ಳಿ. ಹಲ್ಲು ಕೀಳದೆಯೂ ಆ ಒತ್ತಡದಿಂದ ಇದು ಶುರುವಾಗಬಹುದು.

ಈಗ ನನ್ನ ಬಲಬದಿಯಲ್ಲಿ ನಸುಗೆಂಪು ವಸಡು ಇದೆ. ಬೆರಳು ಆಡಿಸಿದರೆ ಸ್ವಲ್ಪ ತಗ್ಗು ತಿಳಿಯುತ್ತದೆ, ಚುಚ್ಚುವುದಿಲ್ಲ. ಆ ಜಾಗಕ್ಕೆ ಸದ್ಯ ಕೃತಕ ಹಲ್ಲು ಬೇಡ, ಇಂಪ್ಲಾಂಟ್ ಅಂತೂ ಬೇಡವೇ ಬೇಡ ಎಂದಿದ್ದಾರೆ. ಎಡಬದಿಯಲ್ಲಿ ಅಗಿಯುತ್ತೇನೆ. ಮೂರು ತಿಂಗಳಿಗೊಮ್ಮೆ ದೇರಳಕಟ್ಟೆಗೆ ಹೋಗಿ ತೋರಿಸಬೇಕು. ಡೆಕ್ಸಾ ಮತ್ತೆ ಮಾಡಿಸಿ ಎಲುಬಿಗೆ ಮುಂದೆ ಯಾವ ಔಷಧಿ ಎಂದು ನಿರ್ಧಾರ ಆಗಬೇಕಿದೆ. ಅದಕ್ಕೆ ಸರ್ಜನ್ ಬರೆದುಕೊಟ್ಟ ಪತ್ರ ಫೈಲಿನಲ್ಲಿ ಮೇಲೆಯೇ ಇದೆ, ಈ ತಿಂಗಳ ಕೊನೆಗೆ ಎಲುಬಿನ ಡಾಕ್ಟರ ಹತ್ತಿರ ಹೋಗುವುದಿದೆ.